ಸ್ಯಾಂಪಲ್ ಫ್ಲ್ಯಾಟಿನ ಮಂಚ

ಪುಣೆ

ಶ್ರೀಶೈಲ ಅವರಿಗೆ, ನಮಸ್ಕಾರ.

ವಿಮಾನ ನಗರದ ಫ್ಲ್ಯಾಟ್ ನಮಗೆ ಬೇಡ. ಅಪ್ಪ ಮತ್ತು ನಾನು ಸಹಿ ಹಾಕಿದ ಅಗ್ರಿಮೆಂಟ್ ರದ್ದು ಮಾಡಿ. ಇದನ್ನು ಹೇಳಲೆಂದೇ ಮೂರು ಸಲ ನಿಮ್ಮ ಆಫೀಸಿಗೆ ಬಂದೆ. ಮೂರು ಸಲವೂ ನೀವು ಚಹಾ ಕುಡಿಸಿ ಮಾತು ತಿರುಗಿಸಿದಿರಿ, ಅದಕ್ಕೇ ಈ ಪತ್ರ.

ನಿಮ್ಮ ಸ್ಯಾಂಪಲ್ ಫ್ಲ್ಯಾಟಿನ ಮಂಚದಲ್ಲಿ ಮಲಗಿದಾಗ ಅಪ್ಪನ ಕಾಲು ಹೊರಗೆ ಚಾಚಿತ್ತು. “ಕಾಕಾ ಭಾಳ ಎತ್ತರ ಅದಾರ್ರಿ!” ಎಂದು ನಕ್ಕಿರಿ. ಆಮೇಲೆ ಒಂದು ದಿನ ನಾನೇ ಹೋಗಿ ಅಳೆದೆ. ಆ ಮಂಚವೇ ಐದಡಿ ಇಲ್ಲ. ಕೋಣೆ ದೊಡ್ಡದಾಗಿ ಕಾಣಲೆಂದು ಚಿಕ್ಕದು ಮಾಡಿಸಿದ್ದೀರಿ. ನಮ್ಮ ಮಂಚ ಹಾಕಿದರೆ ಅಲ್ಲಿ ಬಾಗಿಲೇ ಮುಚ್ಚುವುದಿಲ್ಲ.

ಅಪ್ಪ ಇರುವುದೇ ಐದಡಿ ಎರಡಿಂಚು. ನೀವು ಎತ್ತರ ಅಂದದ್ದನ್ನು ನಮ್ಮ ಹೋಟೆಲಿಗೆ ಬಂದವರಿಗೆಲ್ಲ ಇನ್ನೂ ಹಿಗ್ಗಿನಿಂದ ಹೇಳುತ್ತಿದ್ದಾರೆ. ಅಗ್ರಿಮೆಂಟ್ ರದ್ದಾಯಿತೆಂದು ಅವರಿಗೆ ಫೋನ್ ಮಾಡುವಾಗ ಬೇರೆ ಏನಾದರೂ ಕಾರಣ ಕೊಡಿ. ಮಂಚದ ವಿಷಯ ಮಾತ್ರ ಎತ್ತಬೇಡಿ.

ಇಂತಿ,
ಪ್ರಣೀತಾ ಮೋಹನದಾಸ್