ನಲವತ್ತೆರಡನೇ ಪ್ರಶ್ನೆಯ ಐದು ಅಂಕ

ಗೌರಿಬಿದನೂರು
18 ಮೇ 2025, ಭಾನುವಾರ

ಚಿರಂಜೀವಿ ತನುಜಳಿಗೆ,

ಅಮ್ಮನ ಆಶೀರ್ವಾದ. ಬೇಡವೆನಿಸಿದರೆ ಈ ಸಾಲನ್ನು ಬಿಟ್ಟು ಮುಂದಕ್ಕೆ ಹೋಗು. ಪ್ರಶ್ನೆ ಬಿಟ್ಟು ಮುಂದೆ ಹೋಗುವುದು ನಿನಗೆ ಹೊಸದೇನಲ್ಲ. ನೋಡು, ಮೊದಲನೇ ಸಾಲಿಗೇ ಕುಟುಕಿಬಿಟ್ಟೆ. ಆರು ವರ್ಷ ಕಳೆದರೂ ಈ ನಾಲಿಗೆಗೆ ಬುದ್ಧಿ ಬಂದಿಲ್ಲ.

ಮೊನ್ನೆ ಗುರುವಾರ ನಿನ್ನ ಅನಸೂಯತ್ತೆ ಚಿಂತಾಮಣಿಯಿಂದ ಒಂದು ಚೀಲ ಟೊಮೆಟೊ ಹೊತ್ತುಕೊಂಡು ಬಂದಿದ್ದರು. ಕಾಫಿ ಕುಡಿದು, ಮಂಡಿನೋವಿನ ಸಮಾಚಾರವೆಲ್ಲ ಹೇಳಿ ಮುಗಿಸಿದ ಮೇಲೆ ನಿನ್ನ ಮಾತನ್ನು ತೆಗೆದರು. 'ನಾಕೇಮೀ ತೆಲೀದು ತಲ್ಲಿ, ನಂಗೇನೂ ಗೊತ್ತಿಲ್ಲ, ಅವಳು ಹೇಳ್ಕಳ್ಸಿದ್ದು ಹೇಳ್ತೀನಿ ಅಷ್ಟೇ. ಮಗೂನ ಎತ್ಕೊಂಡು ಬರ್ತಾಳಂತೆ. ಆದ್ರೆ ನೀನು ಒಂದು ಮಾತು ಬರೆದು ಕೊಡ್ಬೇಕಂತೆ ಶೋಭಾ' ಎಂದರು. ಆ ದಿನ ನಿನ್ನ ಉತ್ತರ ಸರಿಯೆಂದು ನನಗೆ ಗೊತ್ತಿತ್ತೋ ಇಲ್ಲವೋ, ಇದು ನಿನ್ನ ಪ್ರಶ್ನೆ. ತಿಳಿಯದೆ ಆದ ತಪ್ಪಾದರೆ ಬರುತ್ತೀಯ. ತಿಳಿದೂ ಮಾಡಿದ್ದಾದರೆ ಈ ಮನೆಯ ಹೊಸಲು ತುಳಿಯುವುದಿಲ್ಲ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬೇಕು, 'ಸ್ಟೆಪ್ಸ್ ತೋರಿಸಿ ಬರೀಲಿ' ಎಂದೂ ಹೇಳಿದೆಯಂತೆ. ಅತ್ತಿಗೆ ಅದನ್ನು ಹೇಳುವಾಗ ನಕ್ಕರು. ನನಗೆ ನಗು ಬರಲಿಲ್ಲ.

ಸ್ಟೆಪ್ಸ್ ಎಂದ ಮೇಲೆ ಮೊದಲಿನಿಂದಲೇ ಬರೆಯಬೇಕು.

ನೀನು ಸೆಕೆಂಡ್ ಪಿಯುಸಿಗೆ ನನ್ನ ಕ್ಲಾಸಿಗೇ ಬಂದೆ. ಬೇರೆ ಕಾಲೇಜಿಗೆ ಸೇರಿಸೋಣವೆಂದರೆ ನಿಮ್ಮಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಬೆಳಿಗ್ಗೆ ಇಬ್ಬರೂ ಒಂದೇ ಬಾಗಿಲಿಗೆ ಬೀಗ ಹಾಕಿ ಒಂದೇ ದಾರಿಯಲ್ಲಿ ಹೋಗುವುದೇ ಅನುಕೂಲವೆನಿಸಿತ್ತು. ಕಾಲೇಜಿನ ಗೇಟು ದಾಟಿದ ಕೂಡಲೇ ನೀನು ನನ್ನನ್ನು ಮಿಸ್ ಎನ್ನುತ್ತಿದ್ದೆ. ಒಂದು ದಿನವೂ ಬಾಯಿತಪ್ಪಿ ಅಮ್ಮ ಎನ್ನಲಿಲ್ಲ. ಅದನ್ನು ನೋಡಿ ಒಳಗೊಳಗೇ ಜಂಬಪಟ್ಟವಳು ನಾನು.

ಮೊದಲನೇ ಟೆಸ್ಟಿನಲ್ಲಿ ನಿನಗೆ ಪೂರ್ತಿ ಅಂಕ ಬಂತು. ಮಾರನೇ ವಾರ ನಿನ್ನ ಸಹಪಾಠಿಯೊಬ್ಬನ ಅಪ್ಪ, ನಲ್ಲಪ್ಪ ಎಂಬುವರು, ಸ್ಟಾಫ್ ರೂಮಿಗೆ ಬಂದು ಎಲ್ಲರೆದುರಿಗೆ, 'ಮೇಡಮ್ಮೋರ ಮಗಳಿಗೆ ಪ್ರಶ್ನೆ ಮೊದ್ಲೇ ಗೊತ್ತಿರ್ತವೆ ಬಿಡಿ, ನಮ್ ಮಕ್ಳು ಎಲ್ಲಿಂದ ತರ್ಬೇಕು ಮಾರ್ಕ್ಸು' ಎಂದು ಹೇಳಿ, ತಮಾಷೆ ಎನ್ನುವಂತೆ ನಕ್ಕು, ಕೊಟ್ಟ ಟೀ ಕುಡಿದು ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕದ್ದಿರಲಿಲ್ಲ, ಆದರೂ ಹೆಗಲು ಮುಟ್ಟಿಕೊಂಡೆ. ಅಂದಿನಿಂದ ಮನೆಯಲ್ಲಿ ನೀನು ಒಂದು ಲೆಕ್ಕ ಕೇಳಿದರೂ 'ಕ್ಲಾಸಲ್ಲಿ ಕೇಳು' ಎಂದೆ. ಪ್ರಶ್ನೆಪತ್ರಿಕೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಾಳಿಯಿದ್ದ ಜಾಗದಲ್ಲಿ ದಾರಕ್ಕೆ ಕಟ್ಟಿಕೊಂಡು ಓಡಾಡಿದೆ.

ಇಂಟಿಗ್ರೇಷನ್ ಪಾಠ ಶುರುವಾದಾಗ ನೀನು ಬೇರೆಯೇ ಹುಡುಗಿಯಾದೆ. ಮಿಕ್ಕ ಮಕ್ಕಳಿಗೆ ಅದೆಂದರೆ ಜ್ವರ. ಡಿಫರೆನ್ಷಿಯೇಟ್ ಮಾಡಲು ನಿಯಮಗಳಿವೆ, ಕಣ್ಣು ಮುಚ್ಚಿಕೊಂಡಾದರೂ ನಡೆಯಬಹುದು. ಇಂಟಿಗ್ರೇಷನ್‌ಗೆ ಹಾಗಿಲ್ಲ. ಎದುರಿಗಿರುವ ಲೆಕ್ಕದ ಮುಖ ನೋಡಿ, ಇದಕ್ಕೆ ಸಬ್ಸ್ಟಿಟ್ಯೂಷನ್ನೋ, ಬೈ ಪಾರ್ಟ್ಸೋ, ಪಾರ್ಷಿಯಲ್ ಫ್ರಾಕ್ಷನ್ನೋ ಎಂದು ನಾವೇ ಊಹಿಸಬೇಕು. ತಪ್ಪು ದಾರಿ ಹಿಡಿದರೆ ಎರಡು ಪುಟ ಬರೆದು ಹೊರಟಲ್ಲಿಗೇ ವಾಪಸು. ಒಂದು ಸಂಜೆ ನೀನು ಬಟ್ಟೆ ಮಡಿಸುತ್ತಾ, 'ಇದ್ರಲ್ಲಿ ದಾರಿ ಯಾರೂ ಹೇಳ್ಕೊಡಲ್ಲ ಅಲ್ವೇನಮ್ಮ, ಅದಕ್ಕೇ ಚೆನ್ನಾಗಿದೆ' ಎಂದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ನೀನು ಮಡಿಸಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಹೇಳಬೇಕಿತ್ತು.

ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ನಡೆಯಿತು. ನಲವತ್ತೆರಡನೇ ಪ್ರಶ್ನೆ, ಐದು ಅಂಕ: ಒಂದು ಬೈ ರೂಟ್ ಆಫ್ ಎಕ್ಸ್ ಮೈನಸ್ ಎಕ್ಸ್ ಸ್ಕ್ವೇರ್. ನಾನು ಕಲಿಸಿದ್ದು ರೂಟಿನ ಒಳಗಿರುವುದನ್ನು ಪೂರ್ಣವರ್ಗ ಮಾಡಿ, ಸೂತ್ರಕ್ಕೆ ಹಾಕುವ ದಾರಿ. ಹಾಗೆ ಮಾಡಿದರೆ ಸೈನ್ ಇನ್ವರ್ಸ್ ಆಫ್ ಟು ಎಕ್ಸ್ ಮೈನಸ್ ಒನ್ ಬರುತ್ತದೆ. ಕೀ ಉತ್ತರದಲ್ಲೂ ಅದೇ ಇತ್ತು, ನಲವತ್ತೆಂಟು ಮಕ್ಕಳಲ್ಲಿ ಮಾಡಿದವರೆಲ್ಲ ಬರೆದದ್ದೂ ಅದನ್ನೇ. ನೀನು ಮಾತ್ರ ರೂಟ್ ಎಕ್ಸ್ ಅನ್ನೇ ಟಿ ಎಂದುಕೊಂಡು ನಾಲ್ಕೇ ಸಾಲಿನಲ್ಲಿ ಮುಗಿಸಿ, ಎರಡು ಸೈನ್ ಇನ್ವರ್ಸ್ ರೂಟ್ ಎಕ್ಸ್ ಎಂದು ಬರೆದಿದ್ದೆ. ನೋಡಲು ಎರಡಕ್ಕೂ ಯಾವ ಹೋಲಿಕೆಯೂ ಇಲ್ಲ. ನಾನು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ತೊಂಬತ್ತೆಂಟರ ಬದಲು ತೊಂಬತ್ಮೂರು ಬಂದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಪೇಪರ್ ಹಂಚುವಾಗ ನಿನ್ನದನ್ನೇ ಎತ್ತಿ ಹಿಡಿದು ಓದಿದೆ. ನಲ್ಲಪ್ಪನವರ ಮಗ ಮುಂದಿನ ಬೆಂಚಿನಲ್ಲಿದ್ದ. ಅವನಿಗೆ ಕೇಳಲಿ ಎಂದೇ ದನಿ ಎತ್ತರಿಸಿ, 'ನನ್ನ ಮಗಳಾದ್ರೂ ಅಷ್ಟೇ, ತಪ್ಪು ತಪ್ಪೇ' ಎಂದೆ. ನೀನು ಎದ್ದು ನಿಂತು, 'ಮಿಸ್, ಡಿಫರೆನ್ಷಿಯೇಟ್ ಮಾಡಿ ನೋಡಿ ಮಿಸ್' ಎಂದೆ. ಅನುಮಾನ ಬಂದರೆ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ, ಹೊರಟ ಪ್ರಶ್ನೆಗೇ ವಾಪಸು ಬಂದರೆ ಉತ್ತರ ಸರಿ ಎಂದು ವರ್ಷವಿಡೀ ಬಡಿದುಕೊಂಡವಳು ನಾನೇ. ಆದರೂ ಚಾಕ್‌ಪೀಸ್ ಎತ್ತಿಕೊಳ್ಳಲಿಲ್ಲ. 'ಯಾವ ಗೈಡಿಂದ ಕದ್ದೆ' ಎಂದೆ. ನಾನೇ ಮಾಡಿದ್ದು ಎಂದೆ ನೀನು. 'ಸುಳ್ಳು ಬೇರೆ ಹೇಳ್ತೀಯಾ' ಎಂದು, ಪೀರಿಯಡ್ ಮುಗಿಯುವವರೆಗೂ ಬಾಗಿಲ ಹೊರಗೆ ನಿಲ್ಲಿಸಿದೆ. ಕಿಟಕಿಯಿಂದ ನಿನ್ನ ಜಡೆ ಮಾತ್ರ ಕಾಣುತ್ತಿತ್ತು.

ಮುಂದಿನದು ನಿನಗೇ ಗೊತ್ತು. ನನಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ್ದು ಒಂದಿದೆ. ವಾರ್ಷಿಕ ಪರೀಕ್ಷೆಯಲ್ಲಿ ನಿನಗೆ ಐವತ್ತೆಂಟು ಬಂದಾಗ, ನಿನಗೆ ಹೇಳದೆ ಅರ್ಜಿ ಹಾಕಿ ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡೆ. ಎಣಿಕೆ ತಪ್ಪಿರಬಹುದು ಎಂದುಕೊಂಡಿದ್ದೆ. ಎಣಿಕೆ ಸರಿಯಿತ್ತು. ಇಂಟಿಗ್ರೇಷನ್ ಬಂದ ಕಡೆಯಲ್ಲೆಲ್ಲ ನೀನು ಪ್ರಶ್ನೆಯ ಸಂಖ್ಯೆ ಬರೆದು, ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೆ. ಉತ್ತರ ಬರದೆ ಬಿಟ್ಟ ಮಕ್ಕಳು ಹಾಗೆ ಜಾಗ ಬಿಡುವುದಿಲ್ಲ, ಸಂಖ್ಯೆಯನ್ನೂ ಬರೆಯುವುದಿಲ್ಲ. ಇಪ್ಪತ್ತಾರು ವರ್ಷ ಪೇಪರ್ ತಿದ್ದಿದವಳಿಗೆ ಅಷ್ಟು ಗೊತ್ತಾಗುತ್ತದೆ. ಆ ಖಾಲಿ ಜಾಗ ನನಗೆಂದೇ ಬಿಟ್ಟದ್ದು.

ನಾನು ಬಿ.ಎಸ್ಸಿ. ಅರ್ಜಿ ತಂದುಕೊಟ್ಟರೆ ನೀನು ಅದನ್ನು ಅಕ್ಕಿ ಡಬ್ಬದ ಕೆಳಗೆ ಹಾಸಿದೆ. ಈಗಲೂ ಅಲ್ಲೇ ಇದೆ. ಆಮೇಲೆ ಚಿಂತಾಮಣಿಗೆ ಅತ್ತೆಯ ಮನೆಗೆ ಹೋದೆ. ಅಲ್ಲೇ ಮೋಹನ್‌ಬಾಬು ಜೊತೆ ಮದುವೆಯಾಯಿತು. ಧಾರೆಯ ಹೊತ್ತಿಗೆ ನಾನು ಎರಡನೇ ಸಾಲಿನಲ್ಲಿ ಕೂತು, ಊಟ ಮಾಡದೆ ಬಸ್ಸು ಹತ್ತಿದೆ. ನೀನು ಕರೆಯಬಹುದೆಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ ಎನ್ನುವುದನ್ನೂ ಬರೆದುಬಿಡುತ್ತೇನೆ.

ನೀವಿಬ್ಬರೂ ತೊಂಡೇಬಾವಿಯಲ್ಲಿ ಸಂಸಾರ ಹೂಡಿ, ನೀನು ಕುಡುಮಲಕುಂಟೆಯ ಫ್ಯಾಕ್ಟರಿಗೆ ಸೇರಿದ ಮೇಲೆ ನಿಮ್ಮ ಕಂಪನಿ ಬಸ್ಸು ದಿನಾ ನಮ್ಮ ಕಾಲೇಜಿನ ತಿರುವಿನಲ್ಲೇ ಹೋಗುತ್ತದೆ. ಎಡಗಡೆ ಮೂರನೇ ಕಿಟಕಿ. ಪೇಪರ್ ಅಂಗಡಿಯ ಹಿಂದೆ ನಿಂತು ನೋಡುತ್ತೇನೆ. ಹೆರಿಗೆ ಮುಗಿಸಿ ನೀನು ಮತ್ತೆ ಆ ಕಿಟಕಿಯಲ್ಲಿ ಕಂಡ ದಿನ ಒಂದನೇ ಪೀರಿಯಡ್ಡಿಗೆ ತಡವಾಗಿ ಹೋದೆ. ಬಟ್ಟೆ ಚೆಕ್ ಮಾಡುವ ವಿಭಾಗದಲ್ಲಿ ನಿನ್ನ ಕಣ್ಣಿಗೆ ಒಂದು ತಪ್ಪು ಹೊಲಿಗೆಯೂ ತಪ್ಪಿಸಿಕೊಳ್ಳುವುದಿಲ್ಲವಂತೆ, ಅತ್ತಿಗೆ ಹೆಮ್ಮೆಯಿಂದ ಹೇಳಿದರು. ಕೆಲಸ ಯಾವುದಾದರೂ ಕೆಲಸವೇ. ಆದರೆ ನೀನು ಲೆಕ್ಕ ಮಾಡುವಾಗ ತುಟಿ ಕಚ್ಚಿಕೊಳ್ಳುತ್ತಿದ್ದುದು ನೆನಪಾಗುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಆ ದಿನ ನನಗೆ ಗೊತ್ತಿರಲಿಲ್ಲ ತನು. ನಿನ್ನ ಉತ್ತರ ತಪ್ಪೆಂದೇ ನಂಬಿದ್ದೆ. ಸಂಜೆ ಮನೆಯಲ್ಲಿ ನೀನು ಮತ್ತೆ ಕೇಳಿದಾಗಲೂ ಅದೇ ನಂಬಿಕೆಯಿಂದ ತಪ್ಪು ಎಂದೆ. ಕೀ ಉತ್ತರದಲ್ಲಿ ಇಲ್ಲದ್ದೆಲ್ಲ ತಪ್ಪು ಎನ್ನುವ ದುರಭ್ಯಾಸ ನಮ್ಮ ಕಸುಬಿನಲ್ಲಿದೆ. ಈ ಸಲದ ಪ್ರಿಪರೇಟರಿಯಲ್ಲಿ ಶಿರೀಷಾ ಎಂಬ ಹುಡುಗಿ ಅದೇ ಲೆಕ್ಕಕ್ಕೆ ನಿನ್ನ ಹಾಗೆಯೇ ಬರೆದಿದ್ದಳು. ಆಗ ಕೂತು ಡಿಫರೆನ್ಷಿಯೇಟ್ ಮಾಡಿದೆ. ಮೂರು ಸಾಲಿಗೆ ಪ್ರಶ್ನೆ ವಾಪಸು ಬಂತು. ಎರಡು ಉತ್ತರಗಳಿಗೂ ಇರುವ ವ್ಯತ್ಯಾಸ ಅರ್ಧ ಪೈ ಮಾತ್ರ, ಅದು ಕೊನೆಯ ಪ್ಲಸ್ ಸಿ ಒಳಗೆ ಸೇರಿಹೋಗುತ್ತದೆ. ಆಗ ನಿನ್ನ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಳಿಯದೆ ಆದ ತಪ್ಪು, ಕ್ಷಮಿಸು.

ಈ ತಿಂಗಳ ಕೊನೆಗೆ ನಾನು ರಿಟೈರ್ ಆಗುತ್ತೇನೆ. ಮಗುವಿಗೆ ನಾಲ್ಕು ಹಲ್ಲು ಬಂದಿವೆಯಂತೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಮ್ಮ,
ಶೋಭಾರಾಣಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ.

ಶಿರೀಷಾ ಹಾಗೆ ಬರೆದದ್ದು ನಿಜ. ಆದರೆ ನಾನು ಡಿಫರೆನ್ಷಿಯೇಟ್ ಮಾಡಿ ನೋಡಲಿಲ್ಲ. ನೋಡಿದ ಕೂಡಲೇ ಐದಕ್ಕೆ ಐದು ಹಾಕಿದೆ. ನೋಡುವ ಅಗತ್ಯವೇ ಇರಲಿಲ್ಲ, ಆ ಉತ್ತರ ಸರಿಯೆಂದು ಆರು ವರ್ಷದಿಂದ ಗೊತ್ತಿತ್ತು.

ಆ ಸಂಜೆ ನೀನು ಅಡುಗೆಮನೆಯಲ್ಲಿ ಕೂತು ಅವರೇಕಾಳು ಹಿತುಕುತ್ತಿದ್ದೆ. ನಾನು ನಡುಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಅದರ ಬೆನ್ನಿಗೆ ಮಾಡಿ ನೋಡಿದೆ. ಮೂರೇ ಸಾಲು. ಅಷ್ಟರಲ್ಲಿ ನೀನು ಪಾತ್ರೆ ಹಿಡಿದುಕೊಂಡೇ ಬಂದು ನಿಂತೆ. ಹಾಳೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. 'ಅಮ್ಮ, ಸರಿ ತಾನೆ?' ಎಂದೆ. ಬೆಳಗಿನಿಂದ ಅದೇ ಮೊದಲ ಸಲ ಅಮ್ಮ ಎಂದದ್ದು. ನಾಳೆ ಅಂಕ ತಿದ್ದಿದರೆ ಮಗಳಿಗೆ ಕೊಟ್ಟಳು ಎನ್ನುತ್ತಾರೆ, ನಲ್ಲಪ್ಪ ಮತ್ತೆ ಬರುತ್ತಾರೆ ಎಂದು ಲೆಕ್ಕ ಹಾಕಿ, ನಿನ್ನ ಮುಖ ನೋಡಿಕೊಂಡೇ ತಪ್ಪು ಎಂದೆ. ನೀನು ವಾಪಸು ಹೋಗಿ ಉಳಿದ ಕಾಳನ್ನೂ ಹಿತುಕಿ ಮುಗಿಸಿದೆ.

ಮೇಲಿನ ಸುಳ್ಳಿಗೆ ನೀನು ಬರುತ್ತಿದ್ದೆ. ಮಗು ನನ್ನ ತೊಡೆಯ ಮೇಲೆ ಕೂರುತ್ತಿತ್ತು. ಅದಕ್ಕಾಗಿಯೇ ಬರೆದೆ. ಆದರೆ ನೀನು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದೀಯ, ಎರಡನೇ ಸಲವೂ ನಿನ್ನ ಮುಖಕ್ಕೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಬೇರೆ ಕಾಗದ ಬರೆಯಬಹುದಿತ್ತು. ಪರೀಕ್ಷೆಯಲ್ಲಿ ತಪ್ಪು ಬರೆದರೆ ಗೀಚಿ ಅಳಿಸಬೇಡಿ, ಒಂದೇ ಗೆರೆ ಎಳೆಯಿರಿ, ತಿದ್ದುವವರಿಗೆ ಕಾಣಬೇಕು ಎಂದು ಮಕ್ಕಳಿಗೆ ಹೇಳುತ್ತೇನಲ್ಲ. ಮೇಲಿನ ಆ ಸುಳ್ಳಿನ ಪ್ಯಾರಾಕ್ಕೆ ಒಂದೇ ಗೆರೆ ಎಳೆದಿದ್ದೇನೆ.

ಬಾ ಎಂದು ಬರೆಯುವುದಿಲ್ಲ. ನೀನು ಸ್ಟೆಪ್ಸ್ ಕೇಳಿದ್ದೆ. ಕ್ಯಾಲೆಂಡರಿನ ಹಾಳೆಯನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಹಿಂದೆ ನನ್ನ ಮೂರು ಸಾಲು ಇವೆ, ಮುಂದೆ 22 ಜನವರಿ 2019, ಮಂಗಳವಾರ ಎಂದು ಅಚ್ಚಾಗಿದೆ.