ಬ್ರೇಕಿಲ್ಲದ ನೀಲಿ ಕಾರು

ಭಾಲ್ಕಿ,
೧೨ ಏಪ್ರಿಲ್ ೨೦೧೬

ಚಿರಂಜೀವಿ ಗೋರಖನಾಥ,

ಆಶೀರ್ವಾದವನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಸಿಟ್ಟು ಇಳಿದರೆ ಬರೆಯುತ್ತೇನೆ. ಆರೋಗ್ಯ ಹೇಗಿದೆ? ಹೈದರಾಬಾದಿನ ಬಿಸಿಲಿಗೆ ಕಣ್ಣು ಉರಿಯುತ್ತದೆ ಎಂದೆಯಂತೆ, ನಿಮ್ಮವ್ವ ಅದನ್ನೇ ಜಪಿಸುತ್ತಿದ್ದಾಳೆ. ನಾವು ಬದುಕಿದ್ದೇವೆ. ನೀರಿನ ಟ್ಯಾಂಕರ್ ಬಂದ ದಿನ ಓಣಿಯಲ್ಲಿ ಜಗಳ, ಬಾರದ ದಿನ ಎಲ್ಲರ ಬಾಯಿ ಒಣಗಿ ಸುಮ್ಮನೆ. ಖಟಕ ಚಿಂಚೋಳಿಯ ನಿನ್ನ ಸೋದರಮಾವನೂ ಮನೆಗೆ ಕೀಲಿ ಹಾಕಿ ಪುಣೆಗೆ ಹೋದ. ಫೋನಿನಲ್ಲಿ ಬೈದರೆ ನಡುವೆಯೇ ಕಟ್ ಮಾಡುತ್ತೀ, ಅದಕ್ಕೇ ಈ ಕಾಗದ. ಹರಿಯುವುದಾದರೆ ಹರಿ, ಆದರೆ ಓದಿ ಹರಿ.

ಅಲ್ಲಿ ಟ್ಯಾಕ್ಸಿ ಓಡಿಸಲು ಹೋಗುವಾಗ ನಿನ್ನ ಹಳೆಯ ಫೋನು ನನ್ನ ಕೈಗಿಟ್ಟು, ಅದರಲ್ಲಿನ ರೇಸ್ ಆಟ ತೋರಿಸಿ, "ಟೈಂಪಾಸ್ ಆಗ್ತದ, ಆಡ್ಕೋತ ಕೂಡ್ರಿ ಅಪ್ಪಾ" ಎಂದೆ. ಬಸ್ಸು ಓಡಿಸಿ ನಿವೃತ್ತನಾದವನಿಗೆ ಆಟಿಕೆ ಕಾರು! ಆಯಿತು, ಆಡಿದೆ. ಆಟ ಶುರು ಮಾಡುವವರಿಗೆಲ್ಲ ಪುಕ್ಕಟೆ ಸಿಗುವ ಆ ಸಣ್ಣ ನೀಲಿ ಕಾರು, ನೋಡಲು ಬಡಪಾಯಿ. ಮೊದಲ ರೇಸಿನಲ್ಲಿ ನಾನು ಹಿಂದಿನಿಂದ ಬಂದ ಗಾಡಿಗಳಿಗೆಲ್ಲ ಎಡಕ್ಕೆ ಸರಿದು ದಾರಿ ಬಿಟ್ಟೆ. ಔರಾದ ರಸ್ತೆಯಲ್ಲಿ ಇಡೀ ನೌಕರಿ ಮಾಡಿದ್ದು ಅದನ್ನೇ ಅಲ್ಲವೇ. ಪಕ್ಕದಲ್ಲಿ ಕೂತಿದ್ದ ನಿಮ್ಮವ್ವ ಬಿದ್ದು ಬಿದ್ದು ನಕ್ಕಳು. "ಯಾರಿಗಿ ದಾರಿ ಬಿಡ್ಲತ್ತೀರಿ? ಆ ಗಾಡ್ಯಾಗ ಮಂದಿ ಇಲ್ರಿ!" ಎಲ್ಲರಿಗಿಂತ ಹಿಂದೆ ಬಂದೆ. ನೀನು ಅದನ್ನು ಅಲ್ಲಿನ ಗೆಳೆಯರಿಗೆಲ್ಲ ಹೇಳಿ ನಗಿಸಿದೆಯಂತೆ. ನಗು.

ಆಮೇಲೆ ಕಾರನ್ನು ಸರಿಯಾಗಿ ನೋಡಿದೆ. ಆಟದಲ್ಲಿ ಗೆದ್ದ ಹಣವನ್ನೆಲ್ಲ ಇಂಜಿನ್ನಿಗೇ ಸುರಿದಿದ್ದೀ, ಸಾಲದ್ದಕ್ಕೆ ಬಾಗಿಲ ಮೇಲೆ ಬೆಂಕಿಯ ಚಿತ್ರ. ಟೈರು ಹಳೆಯದೇ, ಬ್ರೇಕೂ ಹಳೆಯದೇ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನೇರ ದಾರಿಯಲ್ಲಿ ಹಾರುತ್ತದೆ, ತಿರುವು ಬಂದರೆ ನಿಲ್ಲುವುದಿಲ್ಲ. ಕೇಳಿದರೆ "ಅದು ಡಬ್ಬಾ ಗಾಡಿ ಅಪ್ಪಾ, ಹೊಸಾದು ತಗೋರಿ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ನಾನು ಹೊಸದು ಕೊಳ್ಳಲಿಲ್ಲ. ಸಣ್ಣಪುಟ್ಟ ರೇಸು ಓಡಿ ಮೊದಲು ಟೈರು ಹಾಕಿಸಿದೆ, ನಂತರ ಬ್ರೇಕು, ಆಮೇಲೆ ಗಾಡಿಯ ತೂಕ ಇಳಿಸಿದೆ. ಇಂಜಿನ್ ಮುಟ್ಟಲಿಲ್ಲ. ಈಗ ತಿರುವಿಗೆ ಮುಂಚೆಯೇ ನಿಧಾನ ಮಾಡಿ, ತಿರುಗಿದ ಮೇಲೆ ಬಿಟ್ಟರೆ, ದೊಡ್ಡ ಗಾಡಿಗಳೂ ಹಿಂದೆ ಬೀಳುತ್ತವೆ. ಮೊನ್ನೆ ಮೂರನೆಯವನಾದೆ. ಗೆದ್ದೆ ಎಂದು ಸುಳ್ಳು ಹೇಳುವುದಿಲ್ಲ.

ನೀನು ಹೇಗೆ ಗೆಲ್ಲುತ್ತಿದ್ದೆ ಎಂದು ತಿಳಿಯಲು ಫೋನಿನಲ್ಲಿ ಉಳಿದಿದ್ದ ನಿನ್ನ ಹಳೆಯ ರೇಸುಗಳನ್ನು ಹಾಕಿ ನೋಡಿದೆ. ಪ್ರತಿ ತಿರುವಿನಲ್ಲೂ ಪಕ್ಕದ ಕಾರಿಗೆ ಗುದ್ದಿ, ಅದಕ್ಕೇ ಆತುಕೊಂಡು ತಿರುಗುತ್ತೀ. ಅವರು ಗೋಡೆಗೆ, ನೀನು ಮುಂದಕ್ಕೆ. ಆಟವಲ್ಲವೇ ಎಂದು ಸುಮ್ಮನಿದ್ದೆ. ಆದರೆ ಹೋದ ವಾರ ಫೋನಿನಲ್ಲಿ ನೀನೇ ಹೇಳಿದೆಯಲ್ಲ, "ಫ್ಲೈಓವರ್ ಮ್ಯಾಲ ಆಟೋಕ್ಕ ಸವರಿ ತಿರುವಿದ್ನಿ ಅಪ್ಪಾ, ಗೇಮಿನ್ಯಾಗ ತಿರುವಿದಂಗೇ! ಹಿಂದ ಕೂತಾಕಿ ಚೀರಿದ್ಳು." ಹೇಳಿ ನೀನು ನಕ್ಕೆ. ಅವಳು ಯಾರ ಮಗಳೋ? ಆ ಆಟೋದಲ್ಲಿ ಯಾರಿದ್ದರೋ? ಟ್ಯಾಕ್ಸಿ ಓಡಿಸಲು ಹೋದೆಯೋ, ಜನರನ್ನು ಕೊಲ್ಲಲು ಹೋದೆಯೋ? ಈ ಬರಗಾಲದಲ್ಲಿ ಊರು ಬಿಟ್ಟವರೆಲ್ಲ ಜೀವ ಉಳಿಸಿಕೊಳ್ಳಲು ಹೋದರು. ನಮ್ಮ ಓಣಿಯ ಹಾವಗೆಪ್ಪ ಅಲ್ಲೇ ಇಟ್ಟಿಗೆ ಹೊರುತ್ತಾನೆ, ಯಾರ ತಲೆಯ ಮೇಲೂ ಎತ್ತಿಹಾಕುವುದಿಲ್ಲ. ನಿನ್ನನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚು ಭಯವಾಗುತ್ತದೆ.

ಸಿಟ್ಟು ಇಳಿದಿಲ್ಲ, ಆದ್ದರಿಂದ ನಿಮ್ಮವ್ವನ ಆಶೀರ್ವಾದ ಮಾತ್ರ ಕಳಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಕಣ್ಣಿಗೆ ತಣ್ಣೀರು ಹಾಕಬೇಕಂತೆ.

ನಿನ್ನ ತಂದೆ,
ಪಂಢರಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನ ಟ್ಯಾಕ್ಸಿ ಮಾಲೀಕ ಮುನೀರೋದ್ದೀನ ಸಾಹೇಬರಿಗೆ ಫೋನು ಮಾಡಿ ಆಟೋದ ಸಂಗತಿ ಹೇಳಿಬಿಟ್ಟೆ. ಇದು ಮುಟ್ಟುವಷ್ಟರಲ್ಲಿ ಅವರು ನಿನ್ನಿಂದ ಗಾಡಿಯ ಕೀಲಿ ಕಸಿದಿರುತ್ತಾರೆ. ಅವರನ್ನು ಬೈಯಬೇಡ, ನನ್ನನ್ನು ಬೈ. ಬರುವ ಸೋಮವಾರ ನಾವಿಬ್ಬರೂ ಬಸ್ಸಿಗೆ ಬರುತ್ತೇವೆ. ಸಾಹೇಬರು ಒಂದು ಸುತ್ತು ಹಾಕಲು ಗಾಡಿ ಕೊಡುತ್ತಾರೆ. ಮುಂದೆ ನಾನು ಕೂರುತ್ತೇನೆ, ಹಿಂದಿನ ಸೀಟಿನಲ್ಲಿ ನಿಮ್ಮವ್ವ. ಅದೇ ಫ್ಲೈಓವರ್ ಮೇಲೆ ಅವಳನ್ನು ಕರೆದುಕೊಂಡು ಹೋಗು. ಅವಳು ಚೀರದಿದ್ದರೆ ಕೀಲಿ ನಿನ್ನದು.