ಅಕ್ಕನ ಕರೆಗೆ ಏಳದ ಫೋನು

ಮಾರ್ಚ್ 6, ಮಧ್ಯಾಹ್ನ

ಮೇಲಿನ ದವಡೆಯ ಎರಡು ಕಟ್ಟುಹಲ್ಲಿನ ಸೆಟ್ಟು ಬಾಕಿ. ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದೆ. ಲ್ಯಾಬಿನಲ್ಲಿ ಅಚ್ಚು ಹೊಯ್ಯುವ ಪ್ಲಾಸ್ಟರಣ್ಣ ಬಂದವನೇ ಶುರು ಮಾಡಿದ. “ಏನಮ್ಮಾ, ಫೋನ್ ಮಾಡಿದ್ರೆ ಎತ್ತೋದೇ ಇಲ್ವಲ್ಲ? ಅಷ್ಟೊಂದು ದೊಡ್ಡಸ್ತಿಕೆ ಬಂತಾ?”

“ಬಂದೇ ಇಲ್ಲ ಅಣ್ಣ, ಫೋನು.”

“ನಿನ್ನೆ ಬೆರಳು ಸವೆಯೋ ಹಾಗೆ ಒತ್ತಿದ್ದೀನಿ. ಸುಳ್ಳು ಹೇಳ್ತೀನಾ?”

ಪಾಪ, ಹೇಳುವವನಲ್ಲ. ಸ್ಕ್ರೀನ್ ಆರಿದರೆ ಈ ಫೋನು ನಿದ್ದೆ ಹೋಗುತ್ತದೆ. ಕರೆ ಬಂದಾಗ ಒಳಗಿನ ಮೋಡೆಮ್ ಎಬ್ಬಿಸಬೇಕು. ಎಬ್ಬಿಸುತ್ತಿಲ್ಲ. ಕುಂಭಕರ್ಣ! ಇದ್ದ ಸಿಸ್ಟಮ್ ಕಿತ್ತು ಲಿನಕ್ಸ್ ಹಾಕಿದವಳು ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

ಅದೇ ದಿನ, ಸಂಜೆ

ಬಟನ್ ಒತ್ತಿ ಎಬ್ಬಿಸಿದಾಗ ಒಂದು ಮೆಸೇಜು. ಗೊತ್ತಿಲ್ಲದ ನಂಬರು. ಅಕ್ಕ!

“ಬಂದರಲ್ಲಿ ಒಬ್ಬರ ಫೋನ್ ಇಸ್ಕೊಂಡು ಮಾಡ್ದೆ. ಮೂರು ಸಲ. ನೀನು ಎತ್ಲಿಲ್ಲ. ಬಿಡು, ಅರ್ಥ ಆಯ್ತು. ಇನ್ನೆರಡು ವರ್ಷಕ್ಕೆ ಸಹಿ ಹಾಕ್ತೀನಿ. ಹುಷಾರು ಕಣೇ.”

ಅಕ್ಕ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಡಿಸೆಂಬರ್ ಕೊನೆಗೆ ಕೇಳಿದ್ದಳು— “ಹಡಗು ಬಿಟ್ಟು ನಿನ್ ಜೊತೆ ಬಂದಿರ್ಲಾ?” “ನೋಡೋಣ” ಅಂದಿದ್ದೆ. ನೋಡೋಣ! ಬಾ ಅನ್ನಲು ಏನು ಧಾಡಿಯಾಗಿತ್ತೋ.

ಆ ನಂಬರಿಗೆ ಮಾಡಿದೆ. ಯಾರೋ ಗಂಡಸು. “ಆ ಹಡಗು ಹೊರಟೋಯ್ತಲ್ಲಮ್ಮ.” ಅಕ್ಕನ ಸ್ವಂತ ಫೋನು ಸಮುದ್ರದ ಪಾಲಾಗಿ ಎಷ್ಟೋ ದಿನ.

ಮಾರ್ಚ್ 7

ಹಡಗಿನ ಕಂಪನಿಗೆ ಮಾಡಿದೆ. ಮುಂದಿನ ಬಂದರು 19ಕ್ಕೆ. ಕರಾರಿನ ಸಹಿ ಅಲ್ಲಿಯೇ ಅಂತೆ. “ಸಂದೇಶ ಮುಟ್ಟಿಸ್ತೀರಾ?” ಅಂದೆ. “ತುರ್ತು ಇದ್ರೆ ಮಾತ್ರ ಮೇಡಂ. ಸಾವು, ಕಾಯಿಲೆ, ಅಂಥದ್ದು.”

ಒಬ್ಬಳೇ ಇದ್ದೀನಿ ಅನ್ನುವುದು ಯಾವುದರಲ್ಲಿ ಬರುತ್ತೆ? ಕೇಳಲಿಲ್ಲ. ಫೋನ್ ಇಟ್ಟೆ.

ಅಕ್ಕ ಸಿಟ್ಟು ಇಟ್ಟುಕೊಳ್ಳುವವಳಲ್ಲ. ಬಂದರು ಸಿಕ್ಕರೆ ಇನ್ನೊಂದು ಸಲ ಮಾಡಿಯೇ ಮಾಡುತ್ತಾಳೆ. ಮಾಡುತ್ತಾಳೆ, ಅಲ್ಲವಾ?

ಮಾರ್ಚ್ 9, ಬೆಳಗ್ಗೆ

ನನ್ನಿಂದ ಅಕ್ಕನ ವಿಷಯ ಕೇಳಿದ ಪ್ಲಾಸ್ಟರಣ್ಣ ತನ್ನ ಹಳೆಯ ಡಬ್ಬಾ ಫೋನು ತಂದಿದ್ದ. “ಸಿಮ್ಮು ಇದಕ್ಕೆ ಹಾಕು, ಮುಗೀತು. ಊರೇ ಎದ್ದು ಕೂರೋ ಹಾಗೆ ಬಡ್ಕೊಳುತ್ತೆ.”

ಬೇಡ ಅಂದೆ. ನಾನು ಕೆಡಿಸಿದ್ದು, ನಾನೇ ಸರಿ ಮಾಡುತ್ತೇನೆ. “ಹಿಡಿದ ಮೊಲಕ್ಕೆ ಮೂರೇ ಕಾಲು ನಿಂದು” ಅಂದ. ಅಕ್ಕನೂ ಹೀಗೇ ಅನ್ನುತ್ತಿದ್ದಳು.

ಮಾರ್ಚ್ 10

ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದು ತಾನೇ ಬರೆದಿಡುವ ಲಾಗ್ ಓದಿದೆ. ಜನವರಿಯ ಅಪ್‌ಡೇಟಿನಿಂದಲೇ ಹೀಗೆ. ಅಂದರೆ ಎರಡು ತಿಂಗಳು ಈ ಫೋನು ಕೆಟ್ಟಿತ್ತು, ನನಗೆ ಗೊತ್ತೇ ಆಗಲಿಲ್ಲ. ಯಾರೂ ಮಾಡುತ್ತಿಲ್ಲ ಅಂದುಕೊಂಡಿದ್ದೆ. ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಅದೇ ಈಗ ನೋಯುತ್ತಿರುವುದು.

ಒಂದು ಸೆಟ್ಟಿಂಗ್ ಬದಲಿಸಿದೆ. ಲ್ಯಾಪ್‌ಟಾಪಿನಿಂದ ನನ್ನ ನಂಬರಿಗೆ ನಾನೇ ಮಾಡಿದೆ. ಬಡಿದುಕೊಂಡಿತು! ಮತ್ತೆ ಮಾಡಿದೆ. ಮತ್ತೆ! ಮನೆ ತುಂಬ ರಿಂಗು. ಕೊನೆಯ ಸಲ ಎತ್ತಿ “ಹಲೋ” ಅಂದೆ. ನನ್ನದೇ ಉಸಿರು ಕೇಳಿಸಿತು. ನಾಚಿಕೆಯಾಯಿತು. ಇಟ್ಟೆ.

ಮಾರ್ಚ್ 15, ಸಂಜೆ

ಬರೆಯುವಂಥದ್ದೇನೂ ಇರಲಿಲ್ಲ. ನೆಮ್ಮದಿಯಾಗಿದ್ದೆ, ಪೆದ್ದಿ.

ಇವತ್ತು ಲ್ಯಾಬಿನಲ್ಲಿ ಅಣ್ಣನಿಗೆ ಜಂಬ ತೋರಿಸಲು ಹೋದೆ. ಫೋನನ್ನು ಅಚ್ಚುಗಳ ನಡುವೆ ಇಟ್ಟು “ಮಾಡಿ, ನೋಡೋಣ” ಅಂದೆ. ಮಾಡಿದ. ನನ್ನ ಫೋನು ಕಲ್ಲು! “ರಿಂಗಾಗ್ತಿದೆಯಲ್ಲಮ್ಮ ಇಲ್ಲಿ” ಅಂತ ತನ್ನ ಫೋನನ್ನು ನನ್ನ ಕಿವಿಗೇ ಹಿಡಿದ.

ಮನೆಯಲ್ಲಿ ಎದ್ದದ್ದು ಇಲ್ಲೇಕೆ ಏಳಲಿಲ್ಲ? ಅಯ್ಯೋ, ಕೇಬಲ್! ಸಿಕ್ಕಿಸಿದ್ದಾಗ ಇದು ಮಲಗುವುದೇ ಇಲ್ಲ. ಲಾಗ್ ನೋಡಲೆಂದು ಸಿಕ್ಕಿಸಿ ಸಿಕ್ಕಿಸಿ, ಎಚ್ಚರವಾಗಿದ್ದವನನ್ನೇ ಎಬ್ಬಿಸಿ ಬೀಗುತ್ತಿದ್ದೆ.

ಅಣ್ಣ ನಕ್ಕು ನಕ್ಕು ಸುಸ್ತಾದ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. “ಅಕ್ಕನ ವಿಷಯಾನಾ?” ತಲೆ ಆಡಿಸಿದೆ. ಕಣ್ಣು ತುಂಬಿತ್ತು. ಮೇಣದ ಹೊಗೆ ಅಂದೆ.

ಮಾರ್ಚ್ 18

ಮೂರು ದಿನ ಗುದ್ದಾಡಿದೆ. ಕೇಬಲ್ ಇಲ್ಲದೆ ಹತ್ತು ಸಲ ಮಾಡಿದರೆ ಎಂಟು ಸಲ ಏಳುತ್ತದೆ. ಎರಡು ಸಲ ಇಲ್ಲ. ಯಾವ ಎರಡು ಅಂತ ಹೇಳುವವರಾರು? ಅಕ್ಕನದು ಆ ಎರಡರಲ್ಲಿ ಬಿದ್ದರೆ?

ಹಠ ಬೇರೆ, ಅಕ್ಕ ಬೇರೆ. ಸಂಜೆ ಅಣ್ಣನ ಮನೆಗೆ ಹೋಗಿ ಡಬ್ಬಾ ಫೋನು ಕೇಳಿ ತಂದೆ. ಚಾರ್ಜರ್ ಕೂಡ ಕೊಟ್ಟ, ಪುಣ್ಯಾತ್ಮ.

ಮಾರ್ಚ್ 19, ಬೆಳಗ್ಗೆ

ರಜೆ ಹಾಕಿದ್ದೇನೆ. ಸಿಮ್ ಡಬ್ಬಾದಲ್ಲಿದೆ. ಮಾಡಿ ನೋಡಿದೆ, ಪಾತ್ರೆ ಕಪಾಟು ಎಲ್ಲ ಅದುರಿತು. ಕಿಟಕಿ ಪಕ್ಕದ ಮಂಚದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿ ಹೊಸ ಹಾಸು ಹಾಕಿದೆ. ಅವಳಿಗೆ ಗಾಳಿ ಬೇಕು.

ಮಧ್ಯಾಹ್ನ

ಇಲ್ಲ. ಊಟ ಸೇರಲಿಲ್ಲ. ಇಷ್ಟು ದಿನ ತಪ್ಪನ್ನು ಫೋನಿನ ಮೇಲೆ ಹಾಕುತ್ತಿದ್ದೆ. ಈಗ ಬರದಿದ್ದರೆ ಯಾರ ಮೇಲೆ ಹಾಕಲಿ? ಭಯವಾಗುತ್ತಿದೆ.

ಸಂಜೆ

ಲ್ಯಾಬಿನಿಂದ ಅಣ್ಣ ಬಂದಿದ್ದ. ಬಾಗಿಲಲ್ಲೇ ನಿಂತು “ಬಂತಾ?” ಅಂದ. ಇಲ್ಲ ಅಂದೆ. “ಫೋನ್ ಮಾಡಿ ಕೇಳೋಣ ಅಂದ್ಕೊಂಡೆ. ಲೈನು ಬಿಜಿ ಆದ್ರೆ ಕಷ್ಟ ಅಂತ ನಡ್ಕೊಂಡೇ ಬಂದೆ.” ಹೋದ.

ಒಂದು ತೀರ್ಮಾನ ಮಾಡಿದ್ದೇನೆ. ಅಕ್ಕ ಮಾಡಿದರೆ ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಫೋನು ಯಾಕೆ ಎತ್ತಲಿಲ್ಲ ಅನ್ನುವ ಪುರಾಣ ಆಮೇಲೆ. ಮೊದಲ ಮಾತೇ ಬಾ. ಅವಳು ಬಾಯಿ ತೆರೆಯುವ ಮೊದಲೇ, ಬಾ ಅಕ್ಕ, ಮಂಚ ಹಾಸಿದ್ದೀ—